ಅಕ್ಷರಕ್ಕಿಷ್ಟು

ಅಂಗಡಿಯಿಂದ,
ಹತ್ತನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಕ್ಕನಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಹಡಗಿನ ಊಟ ಈಗಲಾದರೂ ಒಗ್ಗಿತೋ ಇಲ್ಲವೋ? ಮೊಣಕೈ ಉರಿ ಕಡಿಮೆಯಾಯಿತೆ? ಹಳೇ ಬಣ್ಣ ಕೆರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊ ಎಂದು ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ನಾನೇ ಯಾವತ್ತೂ ಕಟ್ಟಿಕೊಂಡವನಲ್ಲ ಎಂದು ನೀನು ಅಲ್ಲಿಂದಲೇ ನಗುತ್ತಿರುತ್ತೀಯ, ನಗು. ಇಲ್ಲಿ ನಾವಿಬ್ಬರೂ ಕ್ಷೇಮ. ಕ್ಷೇಮ ಎಂದರೆ, ನಿಮ್ಮಮ್ಮನ ಮಂಡಿನೋವು ಇಳಿದಿದೆ, ಆದರೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಹೇಳಬೇಕಾದ್ದನ್ನೆಲ್ಲ ತಟ್ಟೆ ಕುಕ್ಕುವ ಸದ್ದಿನಲ್ಲೇ ಹೇಳುತ್ತಾಳೆ. ತಪ್ಪು ಅವಳದಲ್ಲ. ಅದನ್ನು ಬರೆಯಲಿಕ್ಕೇ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತಿದ್ದೇನೆ.

ಮೊದಲು ಒಳ್ಳೆಯ ಸುದ್ದಿ ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಇರುತ್ತದೋ ಇಲ್ಲವೋ. ಮೂಲೆಯ ಹಲ್ಲಿನ ಡಾಕ್ಟರು ಬೋರ್ಡು ಮತ್ತೆ ಬರೆಸಿದರು. ಈ ಸಲ ಹೆಸರಿನ ಹಿಂದೆ ಇನ್ನೆರಡು ಡಿಗ್ರಿ ಸೇರಿದೆ. ಅಕ್ಷರಕ್ಕಿಷ್ಟು ಎಂದು ಎಣಿಸಿ ತೆಗೆದುಕೊಳ್ಳುವ ನನಗೆ ಜನ ಓದಿದಷ್ಟೂ ಲಾಭವೇ. ಏಣಿಯ ಮುರಿದ ಮೆಟ್ಟಿಲು ಸರಿ ಮಾಡಿಸಿದೆ, ನೀನಿನ್ನು ಹೆದರಬೇಡ. ಪಕ್ಕದ ಫ್ಲೆಕ್ಸ್ ಅಕ್ಕ ಇನ್ನೂ ದೊಡ್ಡ ಪ್ರಿಂಟಿಂಗ್ ಮೆಷಿನ್ ತಂದಿದ್ದಾಳೆ. ಅದು ಓಡಿದರೆ ನನ್ನ ಕುಂಚದ ಡಬ್ಬಿ ಗಡಗಡ ನಡುಗುತ್ತದೆ. ನನ್ನ ಅನ್ನಕ್ಕೆ ಕಲ್ಲು ಹಾಕಿದವಳು ಎಂದು ಬೆಳಿಗ್ಗೆ ಅವಳನ್ನು ಬೈಯುವುದು, ಸಂಜೆ ಅವಳದೇ ಚಹಾ ಕುಡಿಯುವುದು, ಎರಡೂ ತಪ್ಪದೆ ನಡೆದಿದೆ.

ಇನ್ನು ವಿಷಯ. ಇಂಟರ್ನೆಟ್ಟಿನಲ್ಲಿ ನಿನ್ನದೊಂದು ಮೂರಕ್ಷರದ ವಿಳಾಸ ಇದೆಯಲ್ಲ, ಐ, ವಿ, ಓ, ಆಮೇಲೊಂದು ಚುಕ್ಕಿ, ಚುಕ್ಕಿಗೊಂದು ಬಾಲ. ಶಾಲೆಯಲ್ಲಿದ್ದಾಗ ನನ್ನ ಜೊತೆ ಏಣಿ ಹತ್ತಿ ದುಡಿದ ಮೊದಲ ದುಡ್ಡಿನಲ್ಲಿ ಕೊಂಡದ್ದು. ಯಾರೋ ಬಾಡಿಗೆ ಕಟ್ಟದೆ ಕೈಬಿಟ್ಟಿದ್ದು ನಿನಗೆ ಸಿಕ್ಕಿತೆಂದು ಅವತ್ತು ನೀನು ಕುಣಿದಾಡಿದ್ದೆ. ಹಡಗಿಗೆ ಹೊರಡುವಾಗ ಚೀಲ ಹೆಗಲಿಗೇರಿಸಿಕೊಂಡು, "ವರ್ಷಕ್ಕೊಂದ್ಸಲ ಅದರ ಬಾಡಿಗೆ ಕಟ್ಟೋದು ಮಾತ್ರ ಮರೀಬೇಡಿ ಅಪ್ಪ, ವಾಪಸ್ ಬಂದ್ಮೇಲೆ ನನ್ನ ಅಂಗಡಿಗೆ ಅದೇ ಹೆಸರು" ಅಂದಿದ್ದೆ. ಮೂರಕ್ಷರದ ಬೋರ್ಡು ಬರೆದರೆ ಬಣ್ಣದ ಖರ್ಚೂ ಹುಟ್ಟಲ್ಲ ಎಂದು ನಾನು ನಕ್ಕಿದ್ದೆ. ಬಾಡಿಗೆ ತಪ್ಪದೆ ಕಟ್ಟಿದ್ದೇನಮ್ಮ. ನಾನು ಮಾಡಿದ್ದು ಅದಕ್ಕಿಂತ ದೊಡ್ಡದು.

ಹೋದ ತಿಂಗಳು ಒಬ್ಬರು ಅಂಗಡಿಗೆ ಬಂದರು. ಬಿಸಿಲಿನಲ್ಲೂ ಟೈ ಕಟ್ಟಿದ್ದರು. ನಾನು ಮನಸ್ಸಿನಲ್ಲೇ ಟೈಯಣ್ಣ ಎಂದು ಹೆಸರಿಟ್ಟೆ. ಬಹಳ ಮರ್ಯಾದಸ್ಥರು, ಸ್ಟೂಲಿನ ಮೇಲಿನ ಹಸಿ ಬಣ್ಣವನ್ನೂ ನೋಡದೆ ಕೂತರು. "ಆ ಮೂರಕ್ಷರ ನಿಮ್ಮ ಅಂಗಡಿಗೆ ಏನೂ ಹೇಳಲ್ಲ. ಅದನ್ನ ನಮಗೆ ಕೊಡಿ. ಬದಲಿಗೆ ನಿಮ್ಮ ಅಂಗಡಿಯ ಪೂರ್ತಿ ಹೆಸರಿನ ವಿಳಾಸ ಮಾಡಿಸಿ, ಹತ್ತು ವರ್ಷದ ಬಾಡಿಗೆ ನಾವೇ ಕಟ್ತೀವಿ" ಅಂದರು. ನಮ್ಮ ಅಂಗಡಿಯ ಹೆಸರು ನಿನಗೆ ಗೊತ್ತಲ್ಲ, ಬಸ್ಸಿನಲ್ಲಿ ಕೂತು ಬೋರ್ಡು ಓದಲು ಶುರು ಮಾಡಿದವರು ಓದಿ ಮುಗಿಸುವಷ್ಟರಲ್ಲಿ ಮುಂದಿನ ಸ್ಟಾಪು ಬಂದಿರುತ್ತದೆ. ನಾನು ಬೆರಳು ಮಡಿಸಿ ಎಣಿಸಿದೆ. ಮೂರು ಕೊಟ್ಟರೆ ಮೂವತ್ತೊಂದು ಬರುತ್ತದೆ! ಹೊಟ್ಟೆಪಾಡಿನ ಬುದ್ಧಿ ನೋಡು, ನಲವತ್ತು ವರ್ಷ ಅಕ್ಷರ ಎಣಿಸಿ ಬದುಕಿದವನಿಗೆ ಚಿಕ್ಕ ಹೆಸರು ಅಂದರೆ ಅಗ್ಗದ ಹೆಸರು. ಪಾಪ, ಈ ಮನುಷ್ಯನಿಗೆ ವ್ಯಾಪಾರ ಗೊತ್ತಿಲ್ಲ, ನಾನು ಮೋಸ ಮಾಡುತ್ತಿದ್ದೇನೆ ಎಂದು ಮನಸ್ಸು ಚುಚ್ಚಿತು. ಆ ಪಾಪ ಕಳೆಯಲಿ ಎಂದು ಅವರ ಮನೆಗೊಂದು ಹೆಸರಿನ ಫಲಕ ಪುಕ್ಕಟೆ ಬರೆದುಕೊಟ್ಟೆ. ಕೈ ಹಿಡಿದು ಮಾತು ಕೊಟ್ಟೆ.

ಎಲ್ಲ ಮುಗಿದರೂ ಒಡತಿಯ ಒಪ್ಪಿಗೆ ಬೇಕು, ನಿಮ್ಮ ಮಗಳಿಗೊಂದು ಮೇಲ್ ಹೋಗುತ್ತೆ ಅಂದರು. ಅಷ್ಟರಲ್ಲಿ ನೀನು ನಡುನೀರಿನಿಂದ ಫೋನ್ ಮಾಡಿದೆ. ಆ ಗರಗರ ಸದ್ದಿನಲ್ಲಿ ನಾನು ಕೂಗಿದ್ದು ನೆನಪಿದೆಯಾ? "ದಡ ಸೇರಿದ ಮೇಲೆ ಒಂದು ಮೇಲ್ ಬಂದಿರುತ್ತೆ, ಅಂಗಡಿ ವಿಷಯ, ಹ್ಞೂಂ ಅಂತ ಒತ್ತಿಬಿಡು." ನೀನು ಏನು, ಎತ್ತ ಕೇಳಲಿಲ್ಲ. "ನೀವು ಹೇಳಿದ್ಮೇಲೆ ಓದೋದೇನಪ್ಪ, ಒತ್ತೀನಿ" ಅಂದೆ. ಆ ಮಾತು ಈಗ ಊಟಕ್ಕೆ ಕೂತರೂ ಕೇಳಿಸುತ್ತದೆ, ಏಣಿ ಹತ್ತಿದರೂ ಕೇಳಿಸುತ್ತದೆ.

ಹೊಸ ವಿಳಾಸವನ್ನು ಬೋರ್ಡಿನ ಕೆಳಗೆ ಹಳದಿಯಲ್ಲಿ ಬರೆಯುತ್ತಿದ್ದಾಗ ಫ್ಲೆಕ್ಸ್ ಅಕ್ಕ ಚಹಾ ಹಿಡಿದುಕೊಂಡು ಬಂದಳು. ಬಲು ಜಂಬದಿಂದ ಅವಳಿಗೆ ನನ್ನ ವ್ಯಾಪಾರ ಹೇಳಿದೆ. ಲೋಟ ಕೆಳಗಿಟ್ಟು ತಲೆ ಮೇಲೆ ಕೈ ಹೊತ್ತಳು. "ಅಯ್ಯೋ ಯಜಮಾನ್ರೇ, ಗೋಡೆ ಮೇಲೆ ಒಂದೇ ಹೆಸರಿನ ಬೋರ್ಡು ನೂರು ಇರಬಹುದು. ಅಲ್ಲಿ ಹಾಗಲ್ಲ, ಇಡೀ ಲೋಕಕ್ಕೆ ಒಂದೇ. ಇಪ್ಪತ್ತಾರು ಅಕ್ಷರಾನ ಹೇಗೇ ತಿರುಗಿಸಿ ಹಾಕಿದ್ರೂ ಮೂರಕ್ಷರದವು ಹದಿನೇಳು ಸಾವಿರ ಚಿಲ್ಲರೆ ಅಷ್ಟೇ. ಅವೆಲ್ಲ ಯಾವತ್ತೋ ಜನರ ಪಾಲಾಗಿವೆ" ಅಂದಳು. ಚಿಕ್ಕದಾದರೆ ಸಾಲದಂತೆ, ಬಾಯಲ್ಲಿ ನಿಲ್ಲಬೇಕಂತೆ. ನಿನ್ನದನ್ನು ಮಗುವೂ ಹೇಳುತ್ತದೆ, ಫೋನಿನಲ್ಲಿ ಹೇಳಿದರೆ ಎರಡನೇ ಸಲ ಕೇಳಬೇಕಿಲ್ಲ, ಯಾವ ಭಾಷೆಯವರಿಗೂ ನಾಲಿಗೆ ತಡವರಿಸುವುದಿಲ್ಲ. ನಡುವೆ ಅಂಕಿ ಇಲ್ಲ, ಅಡ್ಡಗೆರೆ ಇಲ್ಲ. ಬಾಲವೂ ಎಲ್ಲರ ಬೆರಳಿಗೆ ರೂಢಿಯಾದ ಹಳೆಯ ಬಾಲ. ಇಷ್ಟಿದ್ದರೂ ಬೇಕು ಅನ್ನುವವರು ಬಂದಾಗಲೇ ಬೆಲೆ, ಮತ್ತೆ ಟೈಯಣ್ಣ ಸುಮ್ಮನೆ ಬಿಸಿಲಲ್ಲಿ ಬರಲಿಲ್ಲ. ನಮ್ಮ ಮೂವತ್ತೊಂದು ಅಕ್ಷರದ್ದನ್ನು ಮಾತ್ರ ರಸ್ತೆಯಲ್ಲಿ ಬಿಸಾಕಿದರೂ ಯಾರೂ ಬಗ್ಗಿ ಎತ್ತಿಕೊಳ್ಳುವುದಿಲ್ಲವಂತೆ. ನಿನ್ನದಕ್ಕೆ ಅವಳು ಹೇಳಿದ ಬೆಲೆ ನನಗೆ ಫೋನ್ ನಂಬರಿನ ಹಾಗೆ ಕೇಳಿಸಿತು. ನಿಮ್ಮಮ್ಮ ಹಿಂದೆಯೇ ನಿಂತಿದ್ದಳು. "ಮಗಳನ್ನ ಒಂದು ಮಾತು ಕೇಳ್ದೆ ಕೊಟ್ಬಿಟ್ರಲ್ಲ" ಅಂದಳು. ಅದೇ ಅವಳು ನನ್ನ ಜೊತೆ ಆಡಿದ ಕೊನೆಯ ಮಾತು.

ಬೆಲೆಯ ಮಾತು ಹಾಗಿರಲಿ, ನಾನು ನಾಚಿ ನೀರಾದದ್ದು ನಿನ್ನೆ ಬೆಳಿಗ್ಗೆ. ಕೆಲಸಕ್ಕೆ ಮೊದಲು ಕೈ ಹದಕ್ಕೆ ಬರಲಿ ಎಂದು ಹಲಗೆಯ ಮೇಲೆ ಬರೆಯುತ್ತೇನಲ್ಲ, ಒಂದು ನೆಟ್ಟಗೆರೆ, ಎರಡು ಓರೆಗೆರೆ, ಒಂದು ದುಂಡು. ಬರೆದು ಕುಂಚ ಒರೆಸಿಕೊಳ್ಳುತ್ತ ನೋಡಿದರೆ ಎದುರಿಗೆ ಐ, ವಿ, ಓ, ನಿನ್ನ ವಿಳಾಸವೇ ನಿಂತಿದೆ! ಎಂಟು ವರ್ಷದವಳು ನೀನು ಬಣ್ಣದ ಡಬ್ಬಿ ಬೋರಲು ಹಾಕಿ ಕೂತು ಕಲಿತ ಮೊದಲ ಪಾಠ ಅದು. ಈ ಮೂರು ಬಂದರೆ ಉಳಿದ ಅಕ್ಷರವೆಲ್ಲ ತಾವಾಗೇ ಬರುತ್ತವೆ ಎಂದು ಹೇಳಿಕೊಟ್ಟವನು ನಾನು. ನಿನಗೆ ದುಂಡು ಮಾತ್ರ ಬರುತ್ತಿರಲಿಲ್ಲ, ಒಂದು ಪಕ್ಕ ಊದಿಕೊಳ್ಳುತ್ತಿತ್ತು, ಅಳುತ್ತಿದ್ದೆ. ಇಷ್ಟು ವರ್ಷ ನಾನು ಆ ವಿಳಾಸದ ಅಕ್ಷರ ಎಣಿಸಿದೆ, ಓದಲೇ ಇಲ್ಲ. ನಿನ್ನ ಅಂಗಡಿಗೆ ನೀನು ಇಡಬೇಕೆಂದಿದ್ದ ಹೆಸರು ನನ್ನ ಪಾಠ, ಅದನ್ನೇ ನಾನು ಪರರ ಕೈಗೆ ಹಾಕಲು ಹೊರಟಿದ್ದೇನೆ. ಹಲಗೆ ಒರೆಸಲಾಗಲಿಲ್ಲ, ಹಾಗೇ ಗೋಡೆಗೆ ಒರಗಿಸಿ ಇಟ್ಟಿದ್ದೇನೆ.

ಟೈಯಣ್ಣನಿಗೆ ಫೋನ್ ಮಾಡಿ ಬೇಡ ಎಂದೆ. ಅವರು ಜಗಳವಾಡಲಿಲ್ಲ. "ನಿಮ್ಮ ಮಾತು ಕಾಗದಕ್ಕಿಂತ ಗಟ್ಟಿ ಅಂತ ಎಲ್ಲರೂ ಹೇಳ್ತಾರೆ. ಮಾತು ಕೊಟ್ಟಿದ್ದೀರಲ್ಲ" ಎಂದು ನಗುತ್ತಲೇ ಅಂದರು. ಫೋನ್ ಇಟ್ಟುಬಿಟ್ಟೆ. ಬಣ್ಣದ ಬೆಲೆ ಎರಡು ಪಟ್ಟಾದ ವರ್ಷವೂ ಒಪ್ಪಿಕೊಂಡ ದರಕ್ಕೇ ಇಡೀ ಮಾರುಕಟ್ಟೆಯ ಬೋರ್ಡು ಬರೆದುಕೊಟ್ಟವನು ನಾನು. ಈ ಬೀದಿಯಲ್ಲಿ ನನಗಿರುವ ಆಸ್ತಿ ಅಂದರೆ ಅದೊಂದೇ. ನಡುನೀರಿನ ಹಡಗಿಗೆ ನಾವಾಗಿ ಫೋನ್ ಮಾಡುವ ಹಾಗಿಲ್ಲ, ಫ್ಲೆಕ್ಸ್ ಅಕ್ಕ ನಿನಗೊಂದು ಮೇಲ್ ಹಾಕೋಣ ಅಂದಳು. ಆದರೆ ಎರಡು ಮೇಲ್ ಇದ್ದರೆ ನೀನು ಯಾವುದನ್ನು ಮೊದಲು ಒತ್ತುತ್ತೀಯೋ! ಅಲ್ಲದೆ ಈ ಮಾತನ್ನು ಇನ್ನೊಬ್ಬರ ಕೈಯಲ್ಲಿ ಟೈಪ್ ಮಾಡಿಸುವ ಮುಖ ನನಗಿಲ್ಲ. ನಿಮ್ಮ ಕಂಪನಿಯವರು ನೀವು ದಡಕ್ಕೆ ಇಳಿಯುವ ಮೊದಲೇ ಕಾಗದಗಳನ್ನು ಹಡಗಿಗೆ ತಂದುಕೊಡುತ್ತಾರಂತೆ, ಅದನ್ನೇ ನಂಬಿದ್ದೇನೆ. ಒಂದು ಕಡೆ ನನ್ನ ಮಾತು, ಇನ್ನೊಂದು ಕಡೆ ನೀನು. ಏನು ಮಾಡಲಿ ಎಂದು ನಿನ್ನನ್ನೇ ಕೇಳಲು ನಾಚಿಕೆಯಾಗುತ್ತದೆ. ತಪ್ಪಾಯಿತು ಮಗಳೇ. ಬೈಯುವುದಾದರೆ ಬಾಯಿ ತುಂಬ ಬೈದುಬಿಡು, ಮನಸ್ಸಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡ.

ಹಡಗಿನಲ್ಲಿ ನಿನ್ನ ಜೊತೆ ಬಣ್ಣ ಬಳಿಯುವವರನ್ನೆಲ್ಲ ಕೇಳಿದೆನೆಂದು ಹೇಳು. ಹಗ್ಗ ಕಟ್ಟಿಕೊಳ್ಳದೆ ಎತ್ತರದಲ್ಲಿ ನಿಲ್ಲಬೇಡ. ನಿಮ್ಮಮ್ಮನದೂ ಆಶೀರ್ವಾದ ಇದೆ, ಅವಳು ಹೇಳಿಲ್ಲ, ಆದರೂ ಇದೆ.

ಇಂತಿ,
ಎಣಿಸಿ ಕೆಟ್ಟ ನಿನ್ನ ಅಪ್ಪ

ಮರೆತದ್ದು: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯ ಹೊತ್ತಾಗಿದೆ, ನಿಮ್ಮಮ್ಮ ತಾನೇ ಕೊಟ್ಟು ಬರುವವಳ ಹಾಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ಇಲ್ಲ ಅಂತ ಒತ್ತು. ಅಪ್ಪನ ಮಾತು ಹೋಗುತ್ತಲ್ಲ ಎಂದು ಕೈ ತಡೆಯಬೇಡ. ನನ್ನದಲ್ಲದ್ದರ ಮೇಲೆ ಕೊಟ್ಟ ಮಾತು ಅದು, ಹೋಗಲಿ. ಬೀದಿಯವರಿಗೆ ನಾನೇ ಹೇಳಿಕೊಳ್ಳುತ್ತೇನೆ. ಲಕೋಟೆಯ ಮೇಲೆ ಬೋರ್ಡಿನ ಕೆಂಪು ಬಣ್ಣದಲ್ಲಿ ಎರಡೆರಡು ಬೆರಳಗಲ ಬರೆದಿರುವುದನ್ನೇ ಇಲ್ಲೂ ಬರೆಯುತ್ತೇನೆ: ಈ ಸಲ ಓದಿ ಒತ್ತಮ್ಮ.