ಬಾರ್ಬರಾಳ ದಿನ ಗಣಿಗೆ ಇಳಿಯುವವರು ಭಕ್ತರೋ, ಕಾರ್ಮಿಕರೋ?

ಅಪಘಾತ ಪರಿಹಾರ ಕಚೇರಿಯ ಮುಖ್ಯಾಧಿಕಾರಿಗಳೇ,

ಕಳೆದ ಡಿಸೆಂಬರ್ ನಾಲ್ಕರಂದು ಕಲ್ಲಿದ್ದಲು ಗಣಿಯ ಛಾವಣಿ ಕುಸಿದು ನನ್ನ ಅಣ್ಣ ಎವಾಲ್ಡ್‌ನ ಬೆನ್ನು ಮುರಿದದ್ದು ಕೆಲಸದಲ್ಲಾದ ಅಪಘಾತವಲ್ಲ, ಆದ್ದರಿಂದ ಕಾನೂನಿನ ಪರಿಹಾರ ಅವನಿಗಿಲ್ಲ ಎಂದು ನೀವು ತೀರ್ಮಾನಿಸಿದ್ದೀರಿ. ನಿಮ್ಮ ಪ್ರಕಾರ ಅದು 'ಸ್ವಂತ ಇಚ್ಛೆಯ ಧಾರ್ಮಿಕ ಆಚರಣೆ'. ಡಿಸೆಂಬರ್ ನಾಲ್ಕು ಮತ್ತೆ ಹತ್ತಿರ ಬಂದಿದೆ. ಈ ಸಲ ಆ ಆಚರಣೆಗೆ ಗಣಿಯ ಮೇಸ್ತ್ರಿ ಆರಿಸಿರುವುದು ನನ್ನ ಗಂಡ ಗೆರಾರ್ಡ್‌ನನ್ನು. ಊರೆಲ್ಲ ಓದಲಿ ಎಂದೇ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಡಿಸೆಂಬರ್ ನಾಲ್ಕು ಗಣಿಗಾರರನ್ನು ಕಾಯುವ ಸಂತ ಬಾರ್ಬರಾಳ ಹಬ್ಬ; ಅಂದು ನಮ್ಮ ಸಿಲೇಸಿಯಾ ಸೀಮೆಯಲ್ಲಿ ಗಣಿಗೆ ರಜೆ. ಬೀದಿಯಲ್ಲಿ ಗಣಿಗಾರರ ಗರಿಯ ಟೋಪಿ, ವಾದ್ಯ, ಸಂಜೆಗೆ ಬಿಯರ್. ಆದರೆ ಬೆಳಿಗ್ಗೆ ಇಬ್ಬರು ಹಿರಿಯ ಗಣಿಗಾರರು ಕೆಳಗಿಳಿದು ಅವಳ ಮೂರ್ತಿಗೆ ಹೂವಿಡುತ್ತಾರೆ. ಹಾಗೆಯೇ ಸುರಂಗದ ಉದ್ದಕ್ಕೂ ನಡೆದು, ಕಬ್ಬಿಣದ ಸಲಾಕೆಯಿಂದ ಛಾವಣಿಯನ್ನು ತಟ್ಟಿ, ಬಂಡೆ ಸಡಿಲಾಗಿ ಟೊಳ್ಳು ಸದ್ದು ಬರುವುದೇ ಎಂದು ಕಿವಿಗೊಡುತ್ತಾರೆ. ಅವರು ಮೇಲೆ ಬಂದು 'ಬಾರ್ಬರಾ ಸುಮ್ಮನಿದ್ದಾಳೆ' ಎಂದರೆ ಮಾತ್ರ ಮರುದಿನದ ಪಾಳಿ ಇಳಿಯುತ್ತದೆ. ಮಾನ್ಯರೇ, ಹೂವಿಡುವವನ ಕೈಗೆ ಸಲಾಕೆ ಕೊಟ್ಟವರು ಯಾರು? ಸ್ವಂತ ಇಚ್ಛೆಯ ಭಕ್ತನಿಗಾಗಿ ರಜೆಯ ದಿನ ಗಣಿಯ ಲಿಫ್ಟ್ ಓಡಿಸಿದವರು ಯಾರು? ಬಾರ್ಬರಾಳೇ ಬಂದು ಗುಂಡಿ ಒತ್ತಿದಳೇ?

ನಿಮ್ಮ ತನಿಖಾಧಿಕಾರಿ ಆಸ್ಪತ್ರೆಗೆ ಬಂದಾಗ ನಾನು ಅಣ್ಣನ ಹಾಸಿಗೆಯ ಪಕ್ಕದಲ್ಲಿದ್ದೆ.

"ರಜಾ ದಿನ ಕೆಳಗೆ ಯಾಕೆ ಇಳಿದ್ರಿ?"

"ಬಾರ್ಬರಾಗೆ ಹೂವು ಇಡೋಕೆ ಸ್ವಾಮಿ."

"ಅಷ್ಟೇನಾ? ಕೆಲಸ ಏನೂ ಇರ್ಲಿಲ್ವಾ?"

"ಆವತ್ತು ಕೆಲಸಕ್ಕೆ ಯಾವನ್ರೀ ಇಳೀತಾನೆ?" ಸೊಂಟದ ಕೆಳಗೆ ಸ್ಪರ್ಶಜ್ಞಾನವಿಲ್ಲದ ಮನುಷ್ಯ ನಕ್ಕುಬಿಟ್ಟ. "ನೀವು ಈ ಕಡೆಯವರಲ್ಲ ಅನ್ಸುತ್ತೆ."

ಆ ದಿನ ಕೆಲಸಕ್ಕೆ ಇಳಿದೆ ಎನ್ನುವುದು ನಮ್ಮಲ್ಲಿ ಅಪಶಕುನ. ಕೆಲಸ ಮಾಡುತ್ತಾರೆ, ಆ ಮಾತು ಮಾತ್ರ ಆಡುವುದಿಲ್ಲ. ನಿಮ್ಮವರು ಬಹಳ ಸೌಜನ್ಯದಿಂದ ಅವನ ಉತ್ತರವನ್ನು ಬರೆದುಕೊಂಡು ಹೋದರು. ಅವನ ಶ್ರದ್ಧೆಯನ್ನು ಇಷ್ಟು ಗೌರವಿಸಿದ ಕಚೇರಿ ಇನ್ನೊಂದಿಲ್ಲ.

ಈ ಶರತ್ಕಾಲದಲ್ಲಿ ಗಣಿಯಿಂದಾಗಿ ನೆಲ ಅದುರುವುದು ಹೆಚ್ಚಾಗಿದೆ. ಬೀರುವಿನಲ್ಲಿ ಲೋಟಗಳು ತಾವಾಗಿಯೇ ಒಂದಕ್ಕೊಂದು ತಾಗುತ್ತವೆ. ಅದುರುವುದು ನಿಂತ ಮೇಲೆ ಸೂಪು ಬಡಿಸುತ್ತೇವೆ.

"ಈ ಸಲ ಹೋಗ್ಬೇಡ ಗೆರಾರ್ಡ್," ಎಂದೆ.

"ನಾನು ಹೋಗ್ದಿದ್ರೆ ಐದನೇ ತಾರೀಕು ಇಡೀ ಪಾಳಿ ಯಾರನ್ನ ನಂಬ್ಕೊಂಡು ಇಳಿಯುತ್ತೆ? ಗರಿ ಟೋಪಿ ಹಾಕ್ಕೊಂಡು ಭಾಷಣ ಮಾಡೋ ಮ್ಯಾನೇಜರನ್ನಾ?"

ಮಾನ್ಯರೇ, ಇದು ಕೆಲಸವಲ್ಲದಿದ್ದರೆ ಕೆಲಸವೆಂದರೆ ಯಾವುದು? ಯಜಮಾನನ ಅಪ್ಪಣೆ, ಯಜಮಾನನ ಸುರಂಗ, ಯಜಮಾನನಿಗೇ ಲಾಭ. ಗಾಯ ಮಾತ್ರ ಭಕ್ತನದು. ನನ್ನ ಬೇಡಿಕೆ ಎರಡು ಸಾಲಿನದು. ಅಣ್ಣನ ಅರ್ಜಿಯನ್ನು ಮತ್ತೆ ತೆರೆಯಿರಿ. ಮತ್ತು ನಾಲ್ಕನೇ ತಾರೀಕಿಗೆ ಮುಂಚೆ, ಆ ದಿನ ಇಳಿಯುವವರು ಕಾರ್ಮಿಕರೇ ಎಂದು ಲಿಖಿತವಾಗಿ ಹೇಳಿ. ಅಲ್ಲವೆಂದಾದರೆ ಅವರನ್ನು ಇಳಿಸಕೂಡದೆಂದು ಗಣಿಗೆ ಆದೇಶ ಕೊಡಿ.

ಅಲ್ಲಿಯವರೆಗೆ ಗಂಡನಿಗೆ ಒಂದೇ ಪಾಠ ಹೇಳಿಕೊಡುತ್ತಿದ್ದೇನೆ: ಬಂಡೆ ಬಿದ್ದು, ನೀನು ಬದುಕಿದ್ದು, ಯಾರಾದರೂ ಬಂದು ಕೇಳಿದರೆ 'ಕೆಲಸಕ್ಕೆ ಇಳಿದಿದ್ದೆ' ಅನ್ನು. ದಿನವೂ ಹೇಳಿಸಲು ನೋಡುತ್ತೇನೆ. ಆ ಮಾತು ಮಾತ್ರ ಅವನು ಆಡುತ್ತಿಲ್ಲ.

ಇಂತಿ,
ನಿಮ್ಮ ಲೆಕ್ಕದಲ್ಲಿ ಒಬ್ಬ ಭಕ್ತನ ತಂಗಿ, ಇನ್ನೊಬ್ಬ ಭಕ್ತನ ಹೆಂಡತಿ,
ಉರ್ಶುಲಾ ಕೋಟಿರ್ಬಾ