ಕೆಂಪು ಕಾಗದದ ಕೆಳಗಿನ ಬಿರುಕು

ಶ್ವಾಂಗ್‌ಷಿ ಹಳ್ಳಿ, ಗ್ವೀಜೋ
ಆರನೇ ತಿಂಗಳ ಹತ್ತು, ಬಿಡದ ಮಳೆ

ಯಿಂಗ್‌ಳ ಅಪ್ಪನಿಗೆ,

ಹೇಗಿದ್ದೀರಿ? ಸೊಂಟದ ನೋವು ಇಳಿಯಿತೇ? ಸುರಂಗದೊಳಗೆ ತಣ್ಣೀರಲ್ಲಿ ನಿಲ್ಲಬೇಡಿ ಎಂದರೆ ನೀವು ಕೇಳುವವರಲ್ಲ. ನಾನು ಕಳಿಸಿದ ಒಣಮೆಣಸಿನಕಾಯಿಯನ್ನು ಜೊತೆಯವರಿಗೆಲ್ಲ ಹಂಚಿ ಮುಗಿಸಿರುತ್ತೀರಿ, ಅದೂ ಗೊತ್ತು. ಯಿಂಗ್‌ಳ ಮುಂದಿನ ಹಲ್ಲು ಬಿದ್ದಿದೆ. ನಕ್ಕರೆ ಥೇಟ್ ನಿಮ್ಮಮ್ಮ. ಅಂಗಡಿಯ ಫೋನು ಮಳೆ ಹಿಡಿದಾಗಿನಿಂದ ಸತ್ತಿದೆ, ಅದಕ್ಕೇ ಈ ಕಾಗದ.

ಹಿತ್ತಿಲ ಗೋಡೆಯ ಬಿರುಕು ನಿಮಗೆ ನೆನಪಿರಬೇಕು. ಗುಡ್ಡ ಕಾಯುವ ಲುವೋ ಚಿಕ್ಕಪ್ಪ ಅದರ ಮೇಲೆ ಅಡ್ಡಲಾಗಿ ಬಿಳಿ ಕಾಗದದ ಪಟ್ಟಿ ಅಂಟಿಸಿದ್ದರು. ಕಾಗದ ಹರಿದರೆ ಗುಡ್ಡ ಜರುಗುತ್ತಿದೆ ಎಂದು ಅರ್ಥ; ಕೂಡಲೇ ಜಾಗಟೆ ಬಡಿಯುವುದು, ಊರೆಲ್ಲ ಮೇಲಿನ ಶಾಲೆಗೆ ಹತ್ತುವುದು. ಹೊಸ ವರ್ಷಕ್ಕೆ ನಿಮ್ಮಮ್ಮ ಅದರ ಮೇಲೆ ಕೆಂಪು ಕಾಗದ ಅಂಟಿಸಿದಾಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ, ಕಾಗದ ಯಾವುದಾದರೇನು ಎಂದುಕೊಂಡೆವು. ಆಮೇಲೆ ಪ್ರತಿ ಮಳೆಗೂ ಲುವೋ ಚಿಕ್ಕಪ್ಪ ಬಂದು ನೋಡುತ್ತಿದ್ದರು, ಕಾಗದ ಮದುಮಗಳ ಹಾಗೆ ನೆಟ್ಟಗಿರುತ್ತಿತ್ತು, ಒಂದು ಬಟ್ಟಲು ಹೆಂಡ ಕುಡಿದು ಹೋಗುತ್ತಿದ್ದರು. ಇವತ್ತು ಬೆಳಿಗ್ಗೆ ಉಪ್ಪಿನಕಾಯಿ ಜಾಡಿ ಎತ್ತಲು ಹೋದೆ. ತೇವಕ್ಕೆ ಕಾಗದದ ತುದಿ ಎದ್ದಿತ್ತು. ಕೆಳಗೆ ಇನ್ನೊಂದು ಕೆಂಪು ಕಾಗದ, ಹರಿದದ್ದು. ಅದರ ಕೆಳಗೆ ಮತ್ತೊಂದು, ಅದೂ ಹರಿದದ್ದು. ಎಲ್ಲಕ್ಕಿಂತ ಒಳಗಿನ ಸೀಳಿನಲ್ಲಿ ನನ್ನ ಬೆರಳು ಹೋಯಿತು.

ಹರಿದಾಗಲೆಲ್ಲ ಅಮ್ಮ ಗಂಜಿ ಕಾಸಿ ಹೊಸದು ಅಂಟಿಸಿದ್ದಾರೆ. ಕೇಳಿದರೆ ನನ್ನ ಮೇಲೇ ಸಿಟ್ಟು. "ಸತ್ತೋರ ಮನೆಗೆ ಅಂಟಿಸೋ ಬಿಳೀ ಕಾಗದಾನ ಬದುಕಿರೋರ ಗೋಡೆಗೆ ಬಳಿದು ಹೋದ ಆ ಲುವೋ. ಕೆಂಪು ಹರಿದರೆ ಅದೂ ಅಪಶಕುನ. ನಾನು ಸುಮ್ನೆ ನೋಡ್ಕೊಂಡಿರ್ಬೇಕಿತ್ತಾ?"

ಲುವೋ ಚಿಕ್ಕಪ್ಪ ಬಂದು ಕಾಗದಗಳನ್ನೆಲ್ಲ ಕಿತ್ತು ನೋಡಿದರು. ಈ ಸಲ ಹೆಂಡ ಕೇಳಲಿಲ್ಲ. ಹೊಸ ಬಿಳಿ ಪಟ್ಟಿ ಅಂಟಿಸಿ, ಇದು ಹರಿದರೆ ಯಾರಿಗೂ ಕಾಯಬೇಡ ಎಂದರು. ಯಿಂಗ್‌ಳನ್ನು ಆಗಲೇ ಶಾಲೆಗೆ ಕಳಿಸಿದ್ದೇನೆ. ಏಳದವರು ಅಮ್ಮ ಒಬ್ಬರೇ. ಹಿರಿಯರ ಆಯಸ್ಸು ಬೆಳೆಯಲೆಂದು ನೀವು ಮುಂಚೆಯೇ ಮಾಡಿಸಿಕೊಟ್ಟ ಶವಪೆಟ್ಟಿಗೆ ಅಟ್ಟದಲ್ಲಿದೆಯಲ್ಲ, ಅದರ ಪಕ್ಕ ಕೂತಿದ್ದಾರೆ. ಹೊತ್ತು ಸಾಗಿಸೋಣ ಎಂದರೆ, ಖಾಲಿ ಪೆಟ್ಟಿಗೆ ಹೊಸಿಲು ದಾಟಿದರೆ ತುಂಬಿಕೊಳ್ಳದೆ ಬಿಡುವುದಿಲ್ಲವಂತೆ. ಬಿಟ್ಟು ಬನ್ನಿ ಎಂದರೆ, "ನನ್ನ ಮಗ ಕಂಡೋರ ಗುಡ್ಡ ಕೊರೆದ ದುಡ್ಡಲ್ಲಿ ತಂದ ಮರ ಇದು. ಮಣ್ಣಿಗೆ ಹೋಗೋದಾದ್ರೆ ಇಬ್ಬರೂ ಒಟ್ಟಿಗೇ ಹೋಗ್ತೀವಿ. ಏಳು ಅಂತ ಹೇಳೋನಿದ್ರೆ ನನ್ನ ಮಗ ಹೇಳ್ಲಿ."

ನೀವೋ ಅಷ್ಟು ದೂರ. ಗದರಿದೆ, ಕಾಲು ಹಿಡಿದೆ. ಈಗ ಅಟ್ಟದ ಏಣಿಯ ಬುಡದಲ್ಲಿ, ಅವರಿಗೆ ಕಾಣದ ಹಾಗೆ ಕೂತು ಬರೆಯುತ್ತಿದ್ದೇನೆ. ಇನ್ನೇನು ಮಾಡಲಿ, ಹೇಳಿ. ನಿಮ್ಮ ಜೊತೆಯವರಿಗೆಲ್ಲ ನನ್ನ ನಮಸ್ಕಾರ. ಅಲ್ಲಿಯ ಗುಡ್ಡವಾದರೂ ನಿಮ್ಮನ್ನು ನೆಟ್ಟಗೆ ಹೊರಗೆ ಕಳಿಸಲಿ.

ಇತಿ,
ಯಿಂಗ್‌ಳ ಅಮ್ಮ ರುಯ್‌ಷಿಯಾನ್

ಮರೆಯುವ ಮುನ್ನ: ಶಾಲೆಯ ಜಗಲಿಯಿಂದ ಬರೆಯುತ್ತಿದ್ದೇನೆ, ಟಪಾಲು ಒಯ್ಯುವ ಬಸ್ಸು ಹೊರಡುತ್ತಿದೆ. ಮನೆಯಲ್ಲಿ ಹೆಸರು ಬರೆದು ತಲೆಯೆತ್ತುವಷ್ಟರಲ್ಲಿ ಹಿತ್ತಿಲಲ್ಲಿ ಲುವೋ ಚಿಕ್ಕಪ್ಪನ ಜಾಗಟೆ ಕೇಳಿತು. ಬಿಳಿ ಪಟ್ಟಿ ಹರಿದಿತ್ತು. ನನಗೆ ತೋಚಿದ್ದು ಒಂದೇ. ಈ ಕಾಗದವನ್ನೇ ಅಮ್ಮನ ಮುಂದೆ ಹಿಡಿದು, ನಿಮ್ಮ ಮಗ ಬರೆದಿದ್ದಾರೆ ಎಂದು ಓದಿದೆ: "ಅಮ್ಮಾ, ಏಳು. ಪೆಟ್ಟಿಗೇನ ಮುಟ್ಟಬೇಡ, ನಾನೇ ಬಂದು ನೋಡ್ಕೋತೀನಿ." ಓದು ಬಾರದ ಜೀವ, ಎದ್ದರು. ಗುಡ್ಡ ಇನ್ನೂ ಬಿದ್ದಿಲ್ಲ. ಯಾರನ್ನೂ ಕೆಳಗೆ ಬಿಡುತ್ತಿಲ್ಲ. ಇಲ್ಲಿಂದ ನಮ್ಮ ಹೆಂಚು ಕಾಣುತ್ತದೆ. ಅಮ್ಮ ಅದನ್ನೇ ನೋಡುತ್ತಾ, ಆ ಸಾಲನ್ನು ಇನ್ನೊಮ್ಮೆ ಓದು, ಇನ್ನೊಮ್ಮೆ ಓದು ಎನ್ನುತ್ತಿದ್ದಾರೆ. ಈ ಕಾಗದ ಬಸ್ಸಿಗೆ ಹೋದ ಮೇಲೆ ಏನನ್ನು ಓದಲಿ? ಆ ಸಾಲನ್ನು ನಿಮ್ಮ ಕೈಯಾರೆ ಬರೆದು ಬೇಗ ಕಳಿಸಿ.