ಹದಿಮೂರನೆಯ ತಿಂಗಳಿಗೊಂದು ಕಾರಣಸಾಲು

ಬಿಡುದಿನ, 2221
ಒರೆಮನೆ, ದಾವಣಗೆರೆ

ನಿವೇದಿತಾ ಅವರಿಗೆ,

ಮೇಲಿನ ದಿನಾಂಕ ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮ ವರ್ಷಕ್ಕೆ ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳು. ಎಲ್ಲ ಕೂಡಿಸಿದ ಮೇಲೆ ಉಳಿಯುವ ಒಂದು ದಿನ ಯಾವ ತಿಂಗಳಿಗೂ ಸೇರದು. ಅದನ್ನು ಬಿಡುದಿನ ಎನ್ನುತ್ತೇವೆ. ಅಂದು ಯಾರೂ ಕೆಲಸಕ್ಕೆ ಹೋಗುವುದಿಲ್ಲ, ಬಾಕಿ ಉಳಿದ ಪತ್ರಗಳನ್ನು ಬರೆಯುತ್ತಾರೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ವಯಸ್ಸಿನಲ್ಲಿ ನೀವು ನನ್ನ ಮೊಮ್ಮಗಳಂತೆ, ಆದರೆ ಹುಟ್ಟಿದ್ದು ನನ್ನ ಮುತ್ತಜ್ಜಿಗಿಂತ ಮೊದಲು. ಆಶೀರ್ವಾದದಿಂದ ತೊಡಗಲೋ ನಮಸ್ಕಾರದಿಂದಲೋ ತಿಳಿಯದೆ ಎರಡನ್ನೂ ಬಿಟ್ಟಿದ್ದೇನೆ. ಹಿಂದಿನ ಕಾಲದವರಿಗೆ ಪತ್ರ ಒಯ್ಯುವ ಹಿಂಗಾಲದ ಅಂಚೆಯಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರಕ್ಕೆ ಅವಕಾಶ. ಅದು ತಲುಪಿತೋ ಇಲ್ಲವೋ ಎಂಬುದು ಕಳಿಸಿದವರಿಗೆ ತಿಳಿಯುವುದಿಲ್ಲ. ನನ್ನ ಪಾಲಿನ ಆ ಒಂದು ಪತ್ರವನ್ನು ನಿಮ್ಮಿಂದ ಒಂದೇ ಒಂದು ಸಾಲು ಕೇಳುವುದಕ್ಕಾಗಿ ಬರೆಯುತ್ತಿದ್ದೇನೆ.

ನನ್ನ ಹೆಸರು ಮುರಿಗೆಪ್ಪ ಕೊಂಡಜ್ಜಿ. ನಲವತ್ತು ವರ್ಷದಿಂದ ತಂತ್ರಾಂಶಗಳನ್ನು ಪರೀಕ್ಷಿಸುತ್ತಿದ್ದೇನೆ. ಆ ಪರೀಕ್ಷೆಯನ್ನೇ ನಾವು ಒರೆ ಎನ್ನುವುದು. ಈಗ ಅದನ್ನು ಹುಡುಗ ಹುಡುಗಿಯರಿಗೆ ಕಲಿಸುವ ಒರೆಮನೆಯ ಮೇಷ್ಟ್ರು. ರೋಗಿ ಯಾವ ದಿನ ಆಸ್ಪತ್ರೆಗೆ ಬರಬೇಕೆಂದು ಹೇಳುವ 'ಸರದಿ' ಎಂಬ ತಂತ್ರಾಂಶವನ್ನು ನಿಮ್ಮ ಹನ್ನೊಂದು ಜನರ ಕಂಪನಿ ಬರೆಯುತ್ತಿದೆಯಲ್ಲ, ಅದು ಇಂದಿಗೂ ನಮ್ಮ ಕೈಯಲ್ಲಿ ಓಡುತ್ತಿದೆ. ಮೇಲಿನ ಬಣ್ಣ ಹತ್ತಾರು ಸಲ ಬದಲಾಯಿತು. ಅಡಿಪಾಯ ನಿಮ್ಮದೇ.

ನಮ್ಮ ಕೆಲಸದ ರೀತಿಯನ್ನು ಸ್ವಲ್ಪ ಹೇಳುತ್ತೇನೆ, ನಿಮಗೆ ಇಷ್ಟವಾಗಬಹುದು. ಬರೆದ ಪ್ರತಿ ತುಣುಕಿಗೂ ಮೊದಲು ಬಿಡಿ ಒರೆ: ಅದೊಂದೇ ನೆಟ್ಟಗಿದೆಯೇ ಎಂದು ಯಂತ್ರವೇ ನೋಡುತ್ತದೆ. ಬಳಿಕ ಕೂಡು ಒರೆ: ತುಣುಕುಗಳು ಒಂದಕ್ಕೊಂದು ಹೊಂದಿಕೊಂಡಿವೆಯೇ ಎಂದು ನೋಡುವುದು. ಕೊನೆಯದು ಊರ ಒರೆ. ಇದಕ್ಕೆ ನೆರೆಹೊರೆಯವರನ್ನೆಲ್ಲ ಕರೆದು ಕೂರಿಸಿ, ನಿಮ್ಮ ಕೈಲಾದಷ್ಟು ಕೆಡಿಸಿ ಎಂದು ಒಪ್ಪಿಸುತ್ತೇವೆ. ಕ್ಯಾಂಟೀನಿನ ರತ್ನವ್ವ ಹಿಟ್ಟಿನ ಕೈಯಲ್ಲೇ ಒತ್ತುತ್ತಾರೆ. ಹಿಂದಿನ ಸಲ ವಯಸ್ಸು ತುಂಬಬೇಕಾದ ಜಾಗದಲ್ಲಿ ಅವರು "ನಿನಗ್ಯಾಕೆ" ಎಂದು ತುಂಬಿದರು, ತಂತ್ರಾಂಶ ನಿಂತೇ ಹೋಯಿತು. ಬರೆದ ಹುಡುಗ ಎರಡು ದಿನ ಅವರ ಕಣ್ಣಿಗೆ ಬೀಳದೆ ಓಡಾಡಿದ. ಇಷ್ಟೆಲ್ಲ ಮಾಡಿದರೆ ಕೆಲಸ ತಡವಾಗುತ್ತದೆ ಎಂದು ನಿಮ್ಮ ಕಾಲದ ಕಂಪನಿಗಳು ಹೆದರುತ್ತಿದ್ದವಂತೆ. ಉಳಿದ ದಾಖಲೆ ಓದಿ ನಾನು ಕಂಡದ್ದು ಬೇರೆ. ಒರೆ ಇಟ್ಟುಕೊಂಡವರು ಹಳೆಯದನ್ನು ಅಂಜದೆ ಬದಲಿಸಿದರು, ಹೊಸಬರು ಬಂದ ವಾರದಲ್ಲೇ ಕೈ ಹಾಕಿದರು, ಗಿರಾಕಿಗಳು ಮರಳಿ ಬಂದರು. ಇಲ್ಲದವರು ಮುಟ್ಟಿದರೆ ಎಲ್ಲಿ ಕುಸಿಯುತ್ತದೋ ಎಂದು ತಮ್ಮ ತಂತ್ರಾಂಶಕ್ಕೆ ತಾವೇ ಹೆದರುತ್ತ ಒಬ್ಬೊಬ್ಬರಾಗಿ ಬಾಗಿಲು ಹಾಕಿದರು.

ಇನ್ನು ನನ್ನ ತಪ್ಪಿನ ವಿಷಯ. ಇಪ್ಪತ್ತಾರರ ವಯಸ್ಸಿನಲ್ಲಿ ಸರದಿಯ ಹಳೆಯ ಒರೆಗಳನ್ನು ಚೊಕ್ಕಟ ಮಾಡುವ ಕೆಲಸ ನನಗೆ ಬಂತು. ನಮ್ಮ ವರ್ಷಕ್ಕೂ ಆಗ ಹನ್ನೆರಡೇ ತಿಂಗಳು. ನಿಮ್ಮ ಒರೆಯೊಂದು ಕಣ್ಣಿಗೆ ಬಿತ್ತು. ಸರದಿಗೆ ಹದಿಮೂರನೆಯ ತಿಂಗಳು ಎಂದು ಕೊಟ್ಟರೆ ಅದು ನಿಂತು, 'ಗೊತ್ತಿಲ್ಲ, ಸಿಬ್ಬಂದಿಯನ್ನು ಕೇಳಿ' ಎನ್ನುತ್ತದೆಯೇ ಎಂದು ನೋಡುವ ಒರೆ. ಕೆಳಗೆ ನಿಮ್ಮ ಹೆಸರಿತ್ತು, ಏಕೆ ಬರೆದಿರಿ ಎಂಬುದು ಇರಲಿಲ್ಲ. ಇಲ್ಲದ ತಿಂಗಳಿಗೆ ಒರೆ ಏಕೆ ಎಂದು ನಕ್ಕು ಅಳಿಸಿದೆ. ಮರುವರ್ಷ, ಹಾಗೆ ನಿಂತು 'ಗೊತ್ತಿಲ್ಲ' ಎನ್ನುವ ಸರದಿಯ ತುಣುಕೂ ದಂಡವೆಂದು ಇನ್ನೊಬ್ಬರು ತೆಗೆದರು. ಆಕ್ಷೇಪಿಸಲು ನಿಮ್ಮ ಒರೆ ಅಲ್ಲಿರಲಿಲ್ಲ.

ಹನ್ನೆರಡು ವರ್ಷದ ಮೇಲೆ ಹೊಸ ಪಂಚಾಂಗ ಬಂತು. ಉಳಿದ ಒರೆಗಳನ್ನೆಲ್ಲ ಓಡಿಸಿದೆವು, ಯಾವುದೂ ತಪ್ಪಿದೆ ಎನ್ನಲಿಲ್ಲ. ಮೊದಲ ಹದಿಮೂರನೆಯ ತಿಂಗಳು ಕಾಲಿಟ್ಟಾಗ, ಆಳದಲ್ಲಿ ಇನ್ನೂ ಹನ್ನೆರಡನ್ನೇ ಎಣಿಸುತ್ತಿದ್ದ ಸರದಿ ಅದನ್ನು ಮರುವರ್ಷದ ಮೊದಲ ತಿಂಗಳೆಂದು ತಾನೇ ತಿದ್ದಿಕೊಂಡು ಸುಮ್ಮನಾಯಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಬರುತ್ತಿದ್ದ ಹೊನ್ನೂರಸಾಬ್ ಎಂಬ ದರ್ಜಿಗೆ ನಾಲ್ಕು ವಾರ ಬಿಟ್ಟು ಬಾ ಎಂಬ ಸಂದೇಶ ಹೋಯಿತು. ಕಾಯಿಲೆ ಇಳಿಮುಖವಾಗಿದೆ ಎಂದುಕೊಂಡು ಮನೆಯವರು ಪಾಯಸ ಮಾಡಿದರು. ಆರನೆಯ ದಿನ ಅವರ ಹೃದಯ ನಿಂತಿತು. ವೈದ್ಯರು ಅದನ್ನು ಮತ್ತೆ ನಡೆಸಿದರು, ಆದರೆ ಬಲಗೈ ಕತ್ತರಿ ಹಿಡಿಯಲು ಬಾರದಾಯಿತು. ಅದೇ ತಿಂಗಳು ಮೂರು ಆಸ್ಪತ್ರೆಗಳು ನಮ್ಮನ್ನು ಬಿಟ್ಟವು. ಆ ನಂಬಿಕೆ ಮರಳಲು ಏಳು ವರ್ಷ ಹಿಡಿಯಿತು. ಕ್ಷಮೆ ಕೇಳಲು ಹೋದಾಗ ಹೊನ್ನೂರಸಾಬರು ಹೇಳಿದ ಮಾತು ಇದು: "ತಪ್ಪು ಎಲ್ರೂ ಮಾಡ್ತಾರೆ ಮೇಷ್ಟ್ರೆ. ನಿಮ್ ಮಷಿನ್ನು ಗೊತ್ತಿಲ್ಲ ಅಂದಿದ್ರೆ ಸಾಕಿತ್ತು, ನಾನೇ ನಡ್ಕೊಂಡು ಬಂದು ಕೇಳ್ತಿದ್ದೆ."

ಆ ಮಾತು ಕೇಳಿದ ಮೇಲೆ ನಿಮ್ಮ ಒರೆಯ ಮೂಲ ಹುಡುಕದೆ ಇರಲಾಗಲಿಲ್ಲ. ಒಂದು ವರ್ಷ ಹುಡುಕಿದಾಗ ನಿಮ್ಮ ಕಚೇರಿಯ ಹರಟೆಯ ಸಂದೇಶಗಳು ಸಿಕ್ಕವು. ನಿಮ್ಮ ತಂಡದ ಮುಖ್ಯಸ್ಥ ಗುರುಪ್ರಸಾದ್ ಕೆಣಕಿದ್ದಾರೆ: "ಏನಮ್ಮಾ, ಹದಿಮೂರನೇ ತಿಂಗಳಾ? ಹಾಗಾದ್ರೆ ಒಂದು ಸಂಬಳ ಜಾಸ್ತಿ ಕೊಡ್ಸು ನಮಗೆಲ್ಲ." ನೀವು ಉತ್ತರಿಸಿದ್ದೀರಿ: "ನಮ್ಮಜ್ಜಿ ಬಿಪಿ ತೋರಿಸೋ ದಿನಗಳನ್ನ ಪಂಚಾಂಗ ನೋಡಿ ಬರ್ಕೊಳ್ತಾರೆ ಸರ್. ಅಧಿಕ ಮಾಸ ಬಂದ ವರ್ಷ ಹದಿಮೂರು ತಿಂಗಳೇ. ಅದನ್ನೇ ಹಾಕಿದೆ, ಸರದಿ ಜನವರಿ ಅಂದ್ಕೊಂಡು ಸುಮ್ನಾಯ್ತು. ಗೊತ್ತಿಲ್ಲ ಅಂತ ಹೇಳೋಕೇನು ನಾಚ್ಕೆ ಅದಕ್ಕೆ?" ಅದಕ್ಕವರು, "ನಿಮ್ಮಜ್ಜೀನೇ ಕೆಲಸಕ್ಕೆ ಸೇರಿಸ್ಕೊಳ್ಬೇಕಿತ್ತು. ಆಯ್ತು, ಇರ್ಲಿ ಬಿಡು," ಎಂದರು. ಒರೆ ಉಳಿಯಿತು. ಆದರೆ ಕಾರಣ ಹರಟೆಯಲ್ಲೇ ಉಳಿಯಿತು, ಒರೆಯ ಪಕ್ಕಕ್ಕೆ ಬರಲಿಲ್ಲ.

ಅಂದಿನಿಂದ ನಮ್ಮಲ್ಲಿ ಒಂದು ನಿಯಮವಿದೆ. ಯಾವ ಮನುಷ್ಯರ ಯಾವ ತೊಂದರೆಯಿಂದ ಈ ಒರೆ ಹುಟ್ಟಿತು ಎಂಬ ಕಾರಣಸಾಲು ಇಲ್ಲದ ಒರೆಯನ್ನು ಒಳಗೆ ಬಿಡುವುದಿಲ್ಲ. ಅದನ್ನು ಓದದೆ ಯಾವ ಒರೆಯನ್ನೂ ಅಳಿಸುವುದಿಲ್ಲ. ನನ್ನ ಹುಡುಗರು ಅದನ್ನು ಎಷ್ಟು ಚೆನ್ನಾಗಿ ಬರೆಯುತ್ತಾರೆಂದರೆ, ಕೆಲವನ್ನು ಓದಿ ಮಧ್ಯಾಹ್ನದ ಊಟ ಮರೆತಿದ್ದೇನೆ. ನಮ್ಮ ಕೆಲಸಕ್ಕೆ ಒಳ್ಳೆಯ ಕಾಲ ಮುಂದಿದೆ ಎಂದು ಅವರನ್ನು ನೋಡಿ ನಂಬುತ್ತೇನೆ.

ಆದ್ದರಿಂದ ಕೇಳುತ್ತಿದ್ದೇನೆ, ನಿವೇದಿತಾ. ನೀವು ಈ ಪತ್ರ ಓದುವ ವಾರ ಆ ಒರೆ ಇನ್ನೂ ನಿಮ್ಮ ಮೇಜಿನ ಮೇಲೆಯೇ ಇದೆ. ಗುರುಪ್ರಸಾದರಿಗೆ ಹೇಳಿದ್ದನ್ನೇ ಅದರ ಪಕ್ಕದಲ್ಲಿ ಒಂದು ಸಾಲಾಗಿ ಬರೆಯಿರಿ. ಅಜ್ಜಿಯ ಹೆಸರನ್ನೂ ಸೇರಿಸಿ. ಅದು ಸಂದೇಶಗಳಲ್ಲಿ ಎಲ್ಲಿಯೂ ಸಿಗಲಿಲ್ಲ, ತಿಳಿಯುವ ಆಸೆ ನನಗಿದೆ.

ನೀವು ಬರೆದರೆ ಇಪ್ಪತ್ತಾರರ ಮುರಿಗೆಪ್ಪ ಅದನ್ನು ಓದುತ್ತಾನೆ, ಕೈ ತಡೆಯುತ್ತಾನೆ. ಆಗ ಈ ಪತ್ರಕ್ಕೆ ಕಾರಣವೇ ಇರುವುದಿಲ್ಲ. ಇಪ್ಪತ್ತೇಳು ವರ್ಷದಿಂದ ಪ್ರತಿ ಬಿಡುದಿನ ನಾನು ಹೊನ್ನೂರಸಾಬರ ಮನೆಯಲ್ಲಿ ಊಟ ಮಾಡುತ್ತೇನೆ. ಅವರಿಗಿಂತ ಹತ್ತಿರದ ಸ್ನೇಹಿತ ನನಗಿಲ್ಲ. ಆ ಊಟವೂ ಇರುವುದಿಲ್ಲ, ಪರಿಚಯವೂ ಇರುವುದಿಲ್ಲ. ಇಂದು ಊಟಕ್ಕೆ ಹೋದಾಗ ಅವರಿಗೆ ಇಲ್ಲಿಯವರೆಗೆ ಬರೆದದ್ದನ್ನು ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಕಳಿಸಿ ಮೇಷ್ಟ್ರೆ. ಒಂದು ಜುಬ್ಬಾ ಹೊಲಿಸ್ಕೊಳ್ಳೋಕಾದ್ರೂ ನಮ್ಮ ಅಂಗಡಿಗೆ ಬಂದೇ ಬರ್ತೀರಿ," ಎಂದರು.

ಅದಕ್ಕೇ ಕಳಿಸುತ್ತಿದ್ದೇನೆ.

ನಿಮ್ಮ ಕೆಲಸದ ಋಣದಲ್ಲಿರುವ
ಮುರಿಗೆಪ್ಪ ಕೊಂಡಜ್ಜಿ